ಜೋಳದ ನುಸಿಗೆ ಯಾರು ನೆಂಟರು?

ಆಷಾಢದ ಗಾಳಿ ಮುಗಿದು ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಯಲಬುರ್ಗಾ ಸೀಮೆಯ ಮನೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಒಂದಿಷ್ಟು ಬಿಸಿಲು ಬಿದ್ದ ದಿನ ನೋಡಿ ಜೋಳದ ಚೀಲ ಬಿಚ್ಚಿ ಮಾಳಿಗೆಯ ಮೇಲೆ ಹರವುತ್ತಾರೆ. ಕಡಲೆ, ತೊಗರಿ, ಹೆಸರು ಕಾಳುಗಳೂ ಡಬ್ಬಿಯಿಂದ ಹೊರಗೆ ಬರುತ್ತವೆ. ಬಿಸಿಲು ತಾಗಿದ್ದೇ ತಡ, ಕಾಳುಗಳ ನಡುವಿನಿಂದ ಸಣ್ಣ ಸಣ್ಣ ಹುಳಗಳು ಎದ್ದು ನಾಲ್ಕೂ ದಿಕ್ಕಿಗೆ ಓಡತೊಡಗುತ್ತವೆ. ಮೊರ ಹಿಡಿದು ಕುಳಿತ ತಾಯಿಯ ಪಕ್ಕದಲ್ಲಿ ಶಾಲೆಗೆ ಹೋಗುವ ಮಗುವೊಂದು ಕೇಳುತ್ತದೆ: "ಅವ್ವಾ, ಜ್ವಾಳದಾಗಿನ ಹುಳ, ಕಡ್ಲ್ಯಾಗಿನ ಹುಳ ಎರಡೂ ಒಂದ ಏನು?" ತಾಯಿಗೆ ಅದಕ್ಕೆಲ್ಲ ಬಿಡುವೆಲ್ಲಿ? "ಹುಳ ಅಂದ್ರ ಹುಳ. ಸುಮ್ಮನ ಆರಿಸು" ಎಂದು ಮಾತು ಮುಗಿಸುತ್ತಾಳೆ.

ಆದರೆ ಮಗು ಕೇಳಿದ ಪ್ರಶ್ನೆ ಸಣ್ಣದಲ್ಲ. ಜೋಳದ ಹುಳಕ್ಕೂ ಕಡಲೆಯ ಹುಳಕ್ಕೂ ಏನು ಸಂಬಂಧ? ಅವು ಅಣ್ಣತಮ್ಮಂದಿರೋ, ದೂರದ ದಾಯಾದಿಗಳೋ, ಅಥವಾ ಒಂದೇ ಊರಿನಲ್ಲಿ ಇರುವ ಬೇರೆ ಬೇರೆ ಮನೆತನದವೋ? ಲಂಡನ್, ವಾಷಿಂಗ್ಟನ್‌ಗಳ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಕುಳಿತ ವಿಜ್ಞಾನಿಗಳು ಬಹುಕಾಲದಿಂದ ಬಿಡಿಸುತ್ತ ಬಂದಿರುವುದು ಇದೇ ಒಗಟನ್ನು. ಅದಕ್ಕೆ ಸಿಕ್ಕ ಉತ್ತರ ರೈತನ ಕಣಜಕ್ಕೂ ಹೊಲಕ್ಕೂ ನೇರವಾಗಿ ಸಂಬಂಧಪಟ್ಟಿದೆ.

ರೆಕ್ಕೆಯ ಮೇಲೆ ಗುರಾಣಿ

ಮೊರದಲ್ಲಿ ಓಡಾಡುವ ಈ ಹುಳಗಳೆಲ್ಲ ಒಂದೇ ಗಣಕ್ಕೆ ಸೇರಿದವು. ಇಂಗ್ಲಿಷಿನಲ್ಲಿ ಬೀಟಲ್ ಎನ್ನುವ ಇವಕ್ಕೆ ಕನ್ನಡದಲ್ಲಿ ಜೀರುಂಡೆ ಎಂದೂ ದುಂಬಿ ಎಂದೂ ಹೆಸರುಂಟು. ವಿಜ್ಞಾನಿಗಳು ಕರೆಯುವುದು ಕೋಲಿಯಾಪ್ಟೆರ ಎಂದು. ಗ್ರೀಕ್ ಮೂಲದ ಈ ಹೆಸರಿನ ಅರ್ಥ 'ಒರೆಯಂಥ ರೆಕ್ಕೆಯುಳ್ಳವು'. ಕತ್ತಿಗೆ ಒರೆ ಇರುವ ಹಾಗೆ ಇವುಗಳ ಹಿಂದಿನ ತೆಳು ರೆಕ್ಕೆಗಳಿಗೆ ಮುಂದಿನ ಜೋಡಿ ರೆಕ್ಕೆಗಳೇ ಗಟ್ಟಿ ಮುಚ್ಚಳ. ಹಾರುವಾಗ ಮುಚ್ಚಳ ತೆರೆಯುತ್ತದೆ, ಕುಳಿತಾಗ ಬೆನ್ನ ಮೇಲೆ ನಟ್ಟನಡುವೆ ಒಂದು ನೇರ ಗೆರೆಯಾಗಿ ಕೂಡಿಕೊಳ್ಳುತ್ತದೆ. ಆ ಗೆರೆ ಕಂಡರೆ ಅದು ಜೀರುಂಡೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಹಳ್ಳಿಯ ಮಕ್ಕಳು ಬೆಂಕಿಪೊಟ್ಟಣದಲ್ಲಿ ಜಾಲಿಯ ಎಲೆ ಹಾಕಿ ಸಾಕುವ ಹೊಳೆಹೊಳೆಯುವ ಜೀರಂಗಿ, ಸಗಣಿ ಉಂಡೆ ಉರುಳಿಸುವ ಹುಳ, ಮಳೆಗಾಲದ ರಾತ್ರಿ ಮಿನುಗುವ ಮಿಂಚುಹುಳ, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳ, ತೆಂಗಿನ ಸುಳಿ ಕೊರೆಯುವ ಕೊಂಬಿನ ಹುಳ — ಎಲ್ಲವೂ ಇದೇ ಗಣದವು. ಇದುವರೆಗೆ ಹೆಸರಿಟ್ಟಿರುವ ಜೀರುಂಡೆಗಳೇ ಸುಮಾರು 4 ಲಕ್ಷ ಪ್ರಭೇದಗಳು. ಹೆಸರಿರುವ ಪ್ರಾಣಿಗಳಲ್ಲಿ ಪ್ರತಿ ನಾಲ್ಕಕ್ಕೆ ಒಂದು ಜೀರುಂಡೆ! ಸೃಷ್ಟಿಕರ್ತನಿಗೆ ಜೀರುಂಡೆಗಳ ಮೇಲೆ ವಿಪರೀತ ಮಮತೆ ಇದ್ದಂತೆ ಕಾಣುತ್ತದೆ ಎಂದು ಜೆ.ಬಿ.ಎಸ್. ಹಾಲ್ಡೇನ್ ತಮಾಷೆ ಮಾಡಿದ್ದರೆಂದು ಹೇಳುತ್ತಾರೆ. ಇಂಗ್ಲೆಂಡಿನಿಂದ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ಕಣ್ಣುಮುಚ್ಚಿದ ದೊಡ್ಡ ಜೀವವಿಜ್ಞಾನಿ ಅವರು.

ಇಷ್ಟು ದೊಡ್ಡ ಸಂತಾನದಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳುವುದು ಹೇಗೆ?

ಒಂದೇ ಮೊರ, ನಾಲ್ಕು ಮನೆತನ

ಮೊರಕ್ಕೇ ಮರಳೋಣ. ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ನಾಲ್ಕು ಬಗೆಯ ಹುಳಗಳು ಸಿಗಬಹುದು.

ಮೊದಲನೆಯದು ಜೋಳ, ಅಕ್ಕಿ, ಗೋದಿಯಲ್ಲಿ ಬೀಳುವ ನುಸಿ. ಉದ್ದ ಸುಮಾರು 3 ಮಿಲಿಮೀಟರು. ಆನೆಗೆ ಸೊಂಡಿಲಿರುವಂತೆ ಇದಕ್ಕೆ ಮುಂದಕ್ಕೆ ಚಾಚಿದ ಮೂತಿ. ಹೆಣ್ಣು ಹುಳ ಈ ಮೂತಿಯಿಂದ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಮೇಲೆ ಅಂಟಿನಂಥ ಬಿರಟೆ ಜಡಿಯುತ್ತದೆ. ಹೊರಗಿನಿಂದ ಕಾಳು ಗಟ್ಟಿಯಾಗಿಯೇ ಕಾಣುತ್ತದೆ. ಇದರ ಹೆಸರು ಸೈಟೋಫಿಲಸ್ ಒರೈಜಿ, ಮೂತಿಹುಳುಗಳ ಮನೆತನ.

ಎರಡನೆಯದು ಕಡಲೆ, ಹೆಸರು, ಅಲಸಂದಿಯ ಹುಳ, ಕ್ಯಾಲೊಸೊಬ್ರೂಕಸ್. ಇದಕ್ಕೆ ಮೂತಿಯಿಲ್ಲ, ಮೈ ಗುಂಡಗೆ, ಹಿಂಗಾಲಿನ ತೊಡೆ ದಪ್ಪ. ಇದು ಮೊಟ್ಟೆಯನ್ನು ಕಾಳಿನ ಸಿಪ್ಪೆಯ ಮೇಲೆಯೇ ಅಂಟಿಸುತ್ತದೆ. ಕಡಲೆಯ ಮೇಲೆ ಕಾಣುವ ಬಿಳಿ ಚುಕ್ಕೆಗಳು ಅವೇ. ಮರಿ ಕಾಳಿನೊಳಗೆ ಬೆಳೆದು ಪ್ರೌಢ ಹುಳವಾಗಿ, ಗುಂಡನೆಯ ಕಿಟಕಿ ಕೊರೆದು ಹೊರಬರುತ್ತದೆ.

ಮೂರನೆಯದು ಹಿಟ್ಟು, ರವೆಯಲ್ಲಿ ಓಡಾಡುವ ಕೆಂಗಂದು ಬಣ್ಣದ ಚಪ್ಪಟೆ ಹುಳ, ಟ್ರೈಬೋಲಿಯಂ ಕ್ಯಾಸ್ಟೇನಿಯಂ. ಇಡೀ ಕಾಳನ್ನು ಕೊರೆಯುವ ಶಕ್ತಿ ಇದಕ್ಕಿಲ್ಲ. ಒಡೆದ ಕಾಳು, ನುಚ್ಚು, ಹಿಟ್ಟೇ ಇದರ ಆಹಾರ.

ನಾಲ್ಕನೆಯದು ಬತ್ತ, ಗೋದಿ, ಜೋಳವನ್ನು ಹುಡಿಮಾಡುವ ಕೊರೆಹುಳ, ರೈಜೋಪರ್ಥ ಡೊಮಿನಿಕಾ. ದುಂಡಗಿನ ಸಣ್ಣ ಕೊಳವೆಯಂಥ ಮೈ. ತಲೆ ಎಲ್ಲಿ ಎಂದು ಹುಡುಕಬೇಕು, ಏಕೆಂದರೆ ಕಂಬಳಿಯ ಕೊಪ್ಪೆ ಹಾಕಿಕೊಂಡವರಂತೆ ಎದೆಯ ಭಾಗ ತಲೆಯನ್ನು ಮುಚ್ಚಿಕೊಂಡಿರುತ್ತದೆ.

ನಾಲ್ಕೂ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಚೀಲದಲ್ಲಿ ವಾಸಿಸುತ್ತವೆ. ಆದರೂ ಒಂದೊಂದು ಒಂದೊಂದು ಕುಟುಂಬಕ್ಕೆ ಸೇರಿದೆ. ಕೊರೆಹುಳದ ನಿಜವಾದ ಬಂಧುಗಳು ಕಾಳಿನಲ್ಲಿಲ್ಲ, ಮನೆಯ ಬಿದಿರಿನ ಏಣಿಯಲ್ಲಿ, ಬುಟ್ಟಿಯಲ್ಲಿ, ಒಣ ಕಟ್ಟಿಗೆಯಲ್ಲಿವೆ. ಏಣಿಯಿಂದ ಹಳದಿ ಹುಡಿ ಉದುರಿಸುವ ಹುಳಗಳೂ ಇದೂ ಒಂದೇ ಮನೆತನದವು. ಜೋಳದ ನುಸಿಯ ತೀರ ಹತ್ತಿರದ ನೆಂಟನೊಬ್ಬ ಹುಣಿಸೆ ಬೀಜದೊಳಗೆ ಕುಳಿತಿದ್ದಾನೆ. ಸೈಟೋಫಿಲಸ್ ಲಿನಿಯಾರಿಸ್ ಎಂಬ ಹುಣಿಸೆಬೀಜದ ಮೂತಿಹುಳುವೇ ಅದು.

ಹೋಲಿಕೆ ಮಾಡುವ ಮೋಸ

ಹೋಲಿಕೆ ನೋಡಿ ಸಂಬಂಧ ಹೇಳುವುದು ನಮ್ಮೆಲ್ಲರ ರೂಢಿ. ಕೂಸು ಹುಟ್ಟಿದರೆ ಮೂಗು ಅಪ್ಪನದು, ಹಣೆ ಅಜ್ಜಿಯದು ಎನ್ನುತ್ತೇವೆ. ವಿಜ್ಞಾನಿಗಳೂ ಬಹುಕಾಲ ಇದನ್ನೇ ಮಾಡಿದರು. ಕಾಲಿನ ಗೆಣ್ಣು, ಕುಡಿಮೀಸೆಯ ಆಕಾರ, ರೆಕ್ಕೆಯ ನರ, ಗಂಡಿನ ಜನನಾಂಗದ ರಚನೆ, ಮರಿಹುಳದ ಬಾಯಿ ಮುಂತಾದವನ್ನು ಅಳೆದು ಪಟ್ಟಿ ಮಾಡಿದರು. ಈ ದಾರಿಯಲ್ಲಿ ಒಂದು ಗುಂಡಿಯಿದೆ. ಅದನ್ನು ನೋಡಬೇಕೆಂದರೆ ಗಂಗಾವತಿಗೆ ಹೋಗಬೇಕು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬತ್ತದ ಗದ್ದೆಗೆ ಬಿಟ್ಟಾಗ ಅದರಲ್ಲಿ ನೀರುಜೀರುಂಡೆಗಳು ಸೇರಿಕೊಳ್ಳುತ್ತವೆ. ರಾತ್ರಿ ಬೀದಿದೀಪದ ಕೆಳಗೂ ಬಂದು ಬೀಳುತ್ತವೆ. ಕಪ್ಪಗೆ, ನುಣ್ಣಗೆ, ದೋಣಿಯಾಕಾರದಲ್ಲಿರುವ ಎರಡು ಹುಳಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವಳಿಜವಳಿ ಎನ್ನಬೇಕು. ನೀರಿನ ಬೋಗುಣಿಗೆ ಬಿಟ್ಟು ನೋಡಿ, ಗುಟ್ಟು ಬಯಲಾಗುತ್ತದೆ. ಒಂದು ಎರಡೂ ಹಿಂಗಾಲುಗಳನ್ನು ದೋಣಿಯ ಹುಟ್ಟಿನಂತೆ ಒಟ್ಟಿಗೆ ಬೀಸಿ ಈಜುತ್ತದೆ. ಇನ್ನೊಂದು ನಡೆಯುವವರ ಹಾಗೆ ಒಂದಾದ ಮೇಲೊಂದು ಕಾಲು ಆಡಿಸುತ್ತದೆ. ಉಸಿರಿಗಾಗಿ ಮೇಲೆ ಬರುವಾಗ ಮೊದಲನೆಯದು ಹಿಂಭಾಗವನ್ನು ನೀರಿನಿಂದಾಚೆ ಚಾಚುತ್ತದೆ, ಎರಡನೆಯದು ತಲೆಯನ್ನು. ಮೊದಲನೆಯದರ ಕುಡಿಮೀಸೆ ದಾರದಂತೆ ಸಪೂರ, ಎರಡನೆಯದರದು ಗಿಡ್ಡ, ತುದಿಯಲ್ಲಿ ಗದೆಯಂತೆ ದಪ್ಪ.

ಇವೆರಡೂ ಜೀರುಂಡೆಗಳ ಎರಡು ಬೇರೆ ಬೇರೆ ದೊಡ್ಡ ಕವಲುಗಳಿಂದ ಬಂದವು. ಒಂದರ ಬಂಧುಗಳು ನೆಲದ ಮೇಲೆ ಓಡಿ ಬೇಟೆಯಾಡುವ ಹುಳಗಳು. ಇನ್ನೊಂದು ಇರುವ ಕವಲಿನಲ್ಲೇ ನಮ್ಮ ಸಗಣಿ ಹುಳ, ಗುಲಗಂಜಿ ಹುಳ, ಜೋಳದ ನುಸಿ ಎಲ್ಲವೂ ಇವೆ. ಇವೆರಡರ ಪೂರ್ವಜರು ಬೇರೆ ಬೇರೆಯಾಗಿ ನೀರಿಗಿಳಿದರು, ನೀರು ಎರಡನ್ನೂ ಒಂದೇ ಅಚ್ಚಿನಲ್ಲಿ ಎರೆಯಿತು. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ ಎಂದ ಮಾತ್ರಕ್ಕೆ ಬಾವಲಿ ಹಕ್ಕಿಯಾಗುವುದಿಲ್ಲವಲ್ಲ, ಹಾಗೆಯೇ ಇದು. ಒಂದೇ ಕಸುಬು ಮಾಡುವವರು ಒಂದೇ ಬಗೆಯ ಉಡುಪು ತೊಡುತ್ತಾರೆ. ಉಡುಪು ನೋಡಿ ಅಣ್ಣತಮ್ಮಂದಿರು ಎನ್ನಲಾದೀತೇ?

ಇದರ ತಿರುವುಮುರುವೂ ಉಂಟು. ನೋಡಲು ಒಂದೇ ಆದರೂ ಬೇರೆ ಬೇರೆ ಪ್ರಭೇದವಾಗಿರುವುದು. ಅಕ್ಕಿಯ ನುಸಿಗೆ ಲಿನೇಯಸ್ 1763ರಲ್ಲಿ ಹೆಸರಿಟ್ಟ. ಮೆಕ್ಕೆಜೋಳದ ನುಸಿ ಎಂಬ ಇನ್ನೊಂದು ಹುಳಕ್ಕೆ 1855ರಲ್ಲಿ ಬೇರೆ ಹೆಸರು ಬಂತು. ಎರಡೂ ಎಷ್ಟು ಹೋಲುತ್ತವೆಂದರೆ, ಇವು ಒಂದೋ ಎರಡೋ ಎಂಬ ಗೊಂದಲ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಗಂಡು ಹುಳದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದರಲ್ಲಿ ನಯವಾದ ಮೇಲ್ಮೈ, ಇನ್ನೊಂದರಲ್ಲಿ ಎರಡು ಉದ್ದ ಗೀರು ಕಂಡವು. ಹೆಸರಿನ ಗೊಂದಲ 1961ರಲ್ಲಿ ಬಗೆಹರಿಯಿತು. ಹಿಟ್ಟಿನ ಹುಳದ ಒಬ್ಬ ತಮ್ಮನಿಗಂತೂ ಟ್ರೈಬೋಲಿಯಂ ಕನ್‌ಫ್ಯೂಸಂ ಎಂದೇ ಹೆಸರು. ಗೊಂದಲವೇ ಅದರ ನಾಮಧೇಯವಾಯಿತು!

ನಕಲಿನ ತಪ್ಪು ಹೇಳುವ ಗುಟ್ಟು

ಹೊರಗಿನ ಉಡುಪು ಮೋಸ ಮಾಡುವುದಾದರೆ ಒಳಗಿನ ದಾಖಲೆ ನೋಡಬೇಕು. ಪ್ರತಿ ಜೀವಕೋಶದಲ್ಲೂ ಇರುವ ಡಿಎನ್‌ಎ ಅಂಥ ದಾಖಲೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ ಅದು. ತಂದೆತಾಯಿಯಿಂದ ಮಕ್ಕಳಿಗೆ ಹೋಗುವಾಗ ಈ ಬರಹದ ನಕಲು ಆಗುತ್ತದೆ. ನಕಲು ಮಾಡುವಾಗ ಎಲ್ಲೋ ಒಮ್ಮೆ ಒಂದು ಅಕ್ಷರ ತಪ್ಪುತ್ತದೆ. ಮುಂದಿನ ಪೀಳಿಗೆಗಳು ಆ ತಪ್ಪನ್ನೂ ಸೇರಿಸಿಯೇ ನಕಲು ಮಾಡುತ್ತ ಹೋಗುತ್ತವೆ.

ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಬ್ಬರು ವಿದ್ಯಾರ್ಥಿಗಳ ಉತ್ತರ ಸರಿಯಾಗಿದ್ದರೆ ಏನನ್ನೂ ಹೇಳಲಾಗದು, ಇಬ್ಬರೂ ಓದಿರಬಹುದು. ಆದರೆ ಇಬ್ಬರೂ ಒಂದೇ ಸಾಲಿನಲ್ಲಿ ಒಂದೇ ವಿಚಿತ್ರ ತಪ್ಪು ಮಾಡಿದ್ದರೆ? ಒಬ್ಬರದನ್ನು ಇನ್ನೊಬ್ಬರು ನೋಡಿರಬೇಕು, ಇಲ್ಲವೇ ಇಬ್ಬರೂ ಮೂರನೆಯವರ ನೋಟ್‌ಬುಕ್ಕಿನಿಂದ ಬರೆದಿರಬೇಕು.

ಕೊಪ್ಪಳದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಊರ ಪಕ್ಕದ ಗವಿಮಠದಲ್ಲೂ ಪಾಲ್ಕಿಗುಂಡುವಿನಲ್ಲೂ ಅಶೋಕನ ಕಿರು ಬಂಡೆಶಾಸನಗಳಿವೆ. ಇದೇ ಶಾಸನದ ಪ್ರತಿಗಳು ನಾಡಿನ ಹಲವು ಕಡೆ ಸಿಕ್ಕಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಮೂರು ಪ್ರತಿಗಳಲ್ಲಿ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ್ದೆಂಬ ಪೀಠಿಕೆಯಿದೆ, ಗವಿಮಠದ ಪ್ರತಿಯಲ್ಲಿ ಅದಿಲ್ಲ. ಆ ಮೂರೂ ಒಂದೇ ಓಲೆಯಿಂದ ಇಳಿದವು ಎಂದು ಊಹಿಸಲು ಈ ಹಂಚಿಕೊಂಡ ಸಾಲುಗಳೇ ಸಾಕ್ಷಿ. ಇಲ್ಲಿ ಗಮನಿಸಬೇಕಾದ ತತ್ವ ಒಂದಿದೆ. ಎಲ್ಲ ಪ್ರತಿಗಳಲ್ಲೂ ಇರುವ ಮಾತು ಯಾರ ಹತ್ತಿರದ ಸಂಬಂಧವನ್ನೂ ಹೇಳುವುದಿಲ್ಲ. ಕೆಲವರಲ್ಲಿ ಮಾತ್ರ ಹೊಸದಾಗಿ ಸೇರಿಕೊಂಡ ಮಾತೇ ಸಂಬಂಧ ಹೇಳುವುದು. ಆರು ಕಾಲು ಎಲ್ಲ ಕೀಟಗಳಿಗೂ ಇವೆ, ಅದರಿಂದ ನುಸಿಯ ನೆಂಟರು ಸಿಕ್ಕುವುದಿಲ್ಲ. ಚಾಚಿದ ಮೂತಿ ಕೆಲವಕ್ಕೇ ಇದೆ, ಅದು ದಾರಿ ತೋರಿಸುತ್ತದೆ. ಡಿಎನ್‌ಎಯ ಅಕ್ಷರಗಳಿಗೂ ಇದೇ ನಿಯಮ.

ವಿಜ್ಞಾನಿಗಳು ಈಗ ಹುಳದ ಒಂದು ಕಾಲು ಕಿತ್ತು ಅದರಿಂದಲೇ ಡಿಎನ್‌ಎ ಬೇರ್ಪಡಿಸಬಲ್ಲರು. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಒಂದು ಸಲಹೆ ಮುಂದಿಟ್ಟರು. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿರುವ ಒಂದು ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿದರೆ ಬಹಳಷ್ಟು ಪ್ರಾಣಿಗಳ ಗುರುತು ಹಿಡಿಯಬಹುದು ಎಂಬುದು ಅದು. ಅಂಗಡಿಯ ಸಾಬೂನಿನ ಮೇಲಿನ ಗೆರೆಗಳ ಗುರುತಿನ ಹಾಗೆ ಇದಕ್ಕೂ ಬಾರ್‌ಕೋಡ್ ಎಂದೇ ಹೆಸರಾಯಿತು. ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಕೀಟಗಳ ಒಣಗಿಸಿದ ಮಾದರಿಗಳ ಜೊತೆಗೆ ಇಂಥ ಬಾರ್‌ಕೋಡ್‌ಗಳನ್ನೂ ಸಿದ್ಧಪಡಿಸುತ್ತಾರೆ.

ಇಡೀ ಬರಹವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ ಮೊಟ್ಟಮೊದಲ ಜೀರುಂಡೆ ಯಾವುದು ಗೊತ್ತೇ? ನಮ್ಮ ಹಿಟ್ಟಿನ ಡಬ್ಬಿಯ ಟ್ರೈಬೋಲಿಯಂ! ಅದರ ಸುಮಾರು 16 ಸಾವಿರ ವಂಶವಾಹಿಗಳ ವಿವರ 2008ರಲ್ಲಿ ಪ್ರಕಟವಾಯಿತು. ಗೃಹಿಣಿಯರು ಜರಡಿ ಹಿಡಿದು ಹೊರಗೆಸೆಯುವ ಹುಳಕ್ಕೆ ಪ್ರಯೋಗಾಲಯದಲ್ಲಿ ಸಿಕ್ಕ ಮರ್ಯಾದೆ ಅದು.

ವಂಶವೃಕ್ಷದಲ್ಲಿ ಕಂಡದ್ದು

ಸುಮಾರು 1,900 ಜೀರುಂಡೆ ಪ್ರಭೇದಗಳ ಮೂರು ವಂಶವಾಹಿಗಳನ್ನು ಹೋಲಿಸಿ 2007ರಲ್ಲಿ ಒಂದು ದೊಡ್ಡ ವಂಶವೃಕ್ಷ ಪ್ರಕಟವಾಯಿತು. ಮತ್ತೆ 2019ರಲ್ಲಿ ಇನ್ನೊಂದು ತಂಡ 146 ಪ್ರಭೇದಗಳನ್ನಷ್ಟೇ ತೆಗೆದುಕೊಂಡು ಅವುಗಳ 4,818 ವಂಶವಾಹಿಗಳನ್ನು ಹೋಲಿಸಿತು. ಜೀರುಂಡೆಗಳ ಮೂಲ 30 ಕೋಟಿ ವರ್ಷಗಳಿಗೂ ಹಿಂದೆ ಹೋಗುತ್ತದೆ ಎಂದು ಅದು ಲೆಕ್ಕ ಹಾಕಿತು. ಡೈನೋಸಾರ್‌ಗಳು ಹುಟ್ಟುವ ಮೊದಲೇ ಜೀರುಂಡೆಗಳಿದ್ದವು ಎಂದಾಯಿತು.

ಮಗುವಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಕಡಲೆಯ ಹುಳಕ್ಕೆ ಹಿಂದೆ ಪ್ರತ್ಯೇಕ ಕುಟುಂಬವನ್ನೇ ಕೊಟ್ಟಿದ್ದರು. ದೇಹರಚನೆಯನ್ನೂ ಡಿಎನ್‌ಎಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅದು ಎಲೆ ತಿನ್ನುವ ಜೀರುಂಡೆಗಳ ಕುಟುಂಬದೊಳಗಿನದೇ ಒಂದು ಕವಲು ಎಂದು ತಿಳಿಯಿತು. ಕಪ್ಪೆಯಂಥ ದಪ್ಪ ತೊಡೆಯ ಒಂದು ಗುಂಪಿನ ಎಲೆಜೀರುಂಡೆಗಳು ಅದಕ್ಕೆ ತೀರ ಹತ್ತಿರದವು. ಕಡಲೆ ಹುಳದ ದಪ್ಪ ತೊಡೆ ಹೇಳುತ್ತಿದ್ದುದನ್ನು ಡಿಎನ್‌ಎಯೂ ಹೇಳಿತು. ಎಲೆಜೀರುಂಡೆಗಳ ಈ ಬಳಗಕ್ಕೂ ಮೂತಿಹುಳುಗಳ ಬಳಗಕ್ಕೂ ಒಬ್ಬನೇ ಮೂಲಪುರುಷ. ಆದ್ದರಿಂದ ಜೋಳದ ನುಸಿಯೂ ಕಡಲೆ ಹುಳವೂ ಒಂದೇ ಅಲ್ಲ, ಆದರೆ ದೂರದ ದಾಯಾದಿಗಳು. ಹಿಟ್ಟಿನ ಹುಳ ಇವೆರಡಕ್ಕೂ ಇನ್ನೂ ದೂರ.

ಈ ಎರಡು ದೊಡ್ಡ ಬಳಗಗಳ ಪೂರ್ವಜರು ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳಿಂದ ಕೆಲವು ವಂಶವಾಹಿಗಳನ್ನು ಪಡೆದುಕೊಂಡಿದ್ದವು ಎಂಬ ಬೆರಗಿನ ಸಂಗತಿಯೂ 2019ರ ಅಧ್ಯಯನದಲ್ಲಿದೆ. ಸಸ್ಯದ ಗಟ್ಟಿ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳ ವಂಶವಾಹಿಗಳವು. ಎಲೆ, ಕಾಂಡ, ಬೀಜಗಳನ್ನು ಅರಗಿಸಿಕೊಳ್ಳುವ ಬಂಡವಾಳ ಹೀಗೆ ಕೈಗೆ ಬಂತು. ಸಸ್ಯಗಳನ್ನು ತಿಂದೇ ಇವು ಲಕ್ಷಾಂತರ ಪ್ರಭೇದಗಳಾಗಿ ಹಬ್ಬಿದ್ದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ.

ಮರದ ಬೀಜದಿಂದ ರೈತನ ಚೀಲಕ್ಕೆ

ನುಸಿಯ ನೆಂಟ ಹುಣಿಸೆ ಬೀಜದಲ್ಲಿರುವುದು ಆಕಸ್ಮಿಕವಲ್ಲ. ಈ ಕುಲದ ಕಾಡು ಪ್ರಭೇದಗಳು ಮರಗಳ ಬೀಜಗಳಲ್ಲಿ ಬದುಕುತ್ತವೆ. ಜಪಾನಿನ ಒಂದು ದ್ವೀಪದಲ್ಲಿ ಸುಮಾರು 10 ಸಾವಿರ ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಮೆಕ್ಕೆಜೋಳದ ನುಸಿಯ ಅಚ್ಚುಗಳು ಸಿಕ್ಕಿವೆ. ಆಗ ಅಲ್ಲಿ ಬತ್ತದ ಬೇಸಾಯವೂ ಇರಲಿಲ್ಲ, ಅಮೆರಿಕದ ಬೆಳೆಯಾದ ಮೆಕ್ಕೆಜೋಳವಂತೂ ಇಲ್ಲವೇ ಇಲ್ಲ. ಜನ ಕೂಡಿಟ್ಟ ಓಕ್ ಮುಂತಾದ ಮರಗಳ ಕಾಯಿಬೀಜಗಳನ್ನು ಅದು ತಿನ್ನುತ್ತಿದ್ದಿರಬೇಕು. ಮನುಷ್ಯ ಧಾನ್ಯ ಕೂಡಿಡಲು ಕಲಿತಾಗ ಹುಳ ಮರದಿಂದ ಕಣಜಕ್ಕೆ ಇಳಿಯಿತು.

ಇಂಥದೇ ವಲಸೆಯ ಕಥೆ ಕುಷ್ಟಗಿಯ ಶೇಂಗಾ ಚೀಲದಲ್ಲೂ ಇದೆ. ಶೇಂಗಾ ದಕ್ಷಿಣ ಅಮೆರಿಕದ್ದು, ಕೆಲವು ಶತಮಾನಗಳ ಹಿಂದಷ್ಟೇ ಇತ್ತ ಬಂದ ಬೆಳೆ. ಅದನ್ನು ಕೊರೆಯುವ ಕ್ಯಾರಿಡಾನ್ ಸೆರೇಟಸ್ ಎಂಬ ಹುಳ ಮಾತ್ರ ಅದರ ಜೊತೆ ಹಡಗು ಹತ್ತಿ ಬಂದದ್ದಲ್ಲ. ಏಷ್ಯ, ಆಫ್ರಿಕಗಳ ಹುಣಿಸೆ ಮುಂತಾದ ಮರಗಳ ಕಾಯಿಗಳಲ್ಲಿ ಅದು ಮೊದಲೇ ಇತ್ತು. ಇದು ಕಡಲೆ ಹುಳದ ಬಳಗದ್ದೇ. ಹುಣಿಸೆಯಿಂದ ಶೇಂಗಾಕ್ಕೆ ಅದು ಹಾರಿದ್ದೇಕೆ? ಹುಣಿಸೆ ಆಕಾಶದೆತ್ತರದ ಮರ, ಶೇಂಗಾ ನೆಲದೊಳಗೆ ಕಾಯಿ ಬಿಡುವ ಗಿಡ. ಆದರೂ ಎರಡೂ ದ್ವಿದಳ ಸಸ್ಯಗಳ ಒಂದೇ ಕುಟುಂಬದವು. ನಮ್ಮ ಕಣ್ಣಿಗೆ ಕಾಣದ ಆ ನೆಂಟಸ್ತಿಕೆ ಹುಳಕ್ಕೆ ಗೊತ್ತಿತ್ತು! ಹುಣಿಸೆ ಮರದ ಬುಡದಲ್ಲಿ ಉದುರಿದ ಕಾಯಿಗಳನ್ನು ಗುಡಿಸಿ ತೆಗೆಯುವುದಕ್ಕೂ ಶೇಂಗಾ ಚೀಲವನ್ನು ಅದರಿಂದ ದೂರ ಇಡುವುದಕ್ಕೂ ಇರುವ ಅರ್ಥ ಇದು.

ಮನೆಯ ಮಟ್ಟಿಗೂ ಹುಳದ ಮನೆತನ ತಿಳಿದರೆ ಉಪಾಯ ತಿಳಿಯುತ್ತದೆ. ಕಡಲೆ ಹುಳ ಮೊಟ್ಟೆಯನ್ನು ಸಿಪ್ಪೆಯ ಮೇಲೆ ಇಡುವುದರಿಂದ ಕಾಳಿಗೆ ಒಂದಿಷ್ಟು ಎಣ್ಣೆ ಸವರಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಬೇಳೆ ಒಡೆಸಿಟ್ಟರೆ ಅದರ ಮರಿಗೆ ಮನೆಯೇ ಇಲ್ಲದಂತಾಗುತ್ತದೆ. ಆದರೆ ಜೋಳದ ನುಸಿಯ ಮೊಟ್ಟೆ ಕಾಳಿನೊಳಗೆ ಬಿರಟೆ ಜಡಿದುಕೊಂಡು ಕುಳಿತಿರುವುದರಿಂದ ಅಲ್ಲಿ ಚೆನ್ನಾಗಿ ಒಣಗಿಸಿ ತೇವ ತಗ್ಗಿಸುವುದೇ ಮುಖ್ಯ. ಹಿಟ್ಟಿನ ಹುಳಕ್ಕೆ ನುಚ್ಚು, ಧೂಳು ಬೇಕು. ಕೇರಿ, ಜರಡಿ ಹಿಡಿದು ಗಟ್ಟಿ ಕಾಳನ್ನಷ್ಟೇ ಇಟ್ಟರೆ ಅದರ ಆಟ ನಡೆಯದು. ಹಿರಿಯರು ಕಾಳಿಗೊಂದು ಬಗೆ ಮಾಡುತ್ತಿದ್ದುದರ ಹಿಂದೆ ಇಂಥ ಅನುಭವವೇ ಇತ್ತು.

ಒಂದೇ ಸಾಕ್ಷಿ ಸಾಲದು

ಹಾಗಾದರೆ ಡಿಎನ್‌ಎ ಎಂದೂ ಸುಳ್ಳು ಹೇಳುವುದಿಲ್ಲವೇ? ಇಲ್ಲಿಯೂ ಎಚ್ಚರ ಬೇಕು. ಗೋದಾಮುಗಳಲ್ಲಿ ಧಾನ್ಯದ ಹುಳ ಕೊಲ್ಲಲು ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹೊರಡುವ ಫಾಸ್ಫೀನ್ ಅನಿಲವನ್ನು ಬಳಸುತ್ತಾರೆ. ಹಲವು ದೇಶಗಳಲ್ಲಿ ಹುಳಗಳು ಈ ವಿಷಕ್ಕೆ ಜಗ್ಗದಂತಾಗಿವೆ. ಹಿಟ್ಟಿನ ಹುಳ ಮತ್ತು ಕೊರೆಹುಳ ಎರಡರಲ್ಲೂ ಒಂದೇ ವಂಶವಾಹಿಯಲ್ಲಾದ ಬದಲಾವಣೆ ಇದಕ್ಕೆ ಕಾರಣವೆಂದು 2012ರಲ್ಲಿ ಗೊತ್ತಾಯಿತು. ಇವೆರಡೂ ಬೇರೆ ಬೇರೆ ಕುಟುಂಬದವು ಎಂದು ಆಗಲೇ ನೋಡಿದೆವು. ಆ ಬದಲಾವಣೆಯನ್ನು ಅವು ಪೂರ್ವಜನಿಂದ ಪಡೆಯಲಿಲ್ಲ. ಒಂದೇ ವಿಷದ ಒತ್ತಡಕ್ಕೆ ಸಿಕ್ಕು ಬೇರೆ ಬೇರೆಯಾಗಿಯೇ ಒಂದೇ ಬಾಗಿಲು ಕಂಡುಕೊಂಡವು. ನೀರು ಎರಡು ಜೀರುಂಡೆಗಳ ಮೈಯನ್ನು ಒಂದೇ ಅಚ್ಚಿಗೆ ಹಾಕಿದಂತೆ ವಿಷವೂ ಮಾಡಿತು. ಆ ಒಂದೇ ವಂಶವಾಹಿ ನೋಡಿ ವಂಶವೃಕ್ಷ ಬರೆದಿದ್ದರೆ ದಾರಿ ತಪ್ಪುತ್ತಿತ್ತು.

ಆದ್ದರಿಂದಲೇ ಇಂದಿನ ವಿಜ್ಞಾನಿಗಳು ನೂರಾರು ವಂಶವಾಹಿಗಳನ್ನೂ ಮೈಕಟ್ಟನ್ನೂ ಕಲ್ಲಿನಲ್ಲಿ, ರಾಳದಲ್ಲಿ ಉಳಿದ ಪಳೆಯುಳಿಕೆಗಳನ್ನೂ ಒಟ್ಟಿಗೆ ವಿಚಾರಿಸುತ್ತಾರೆ. ಒಬ್ಬ ಸಾಕ್ಷಿಯ ಮಾತಿನ ಮೇಲೆ ಯಾವ ಪಂಚಾಯ್ತಿಯೂ ತೀರ್ಪು ಕೊಡುವುದಿಲ್ಲ. ಪಾಲಕರಿಗೆ ಇನ್ನೊಂದು ಮಾತು: ಈ ಮಾತ್ರೆ ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸತಕ್ಕದ್ದು. ಮಕ್ಕಳು ಮಲಗುವ ಮನೆಯ ಕಾಳಿನ ಡಬ್ಬಿಗೆ ಅದನ್ನು ಹಾಕುವುದು ಪ್ರಾಣಕ್ಕೇ ಅಪಾಯ.

ಕಾಂಗ್ರೆಸ್ ಕಳೆ ಮತ್ತು ಸೂರ್ಯಕಾಂತಿ

ನೆಂಟಸ್ತಿಕೆಯ ವಿಚಾರ ಕರ್ನಾಟಕದಲ್ಲಿ ಒಮ್ಮೆ ದೊಡ್ಡ ಚರ್ಚೆಗೇ ಕಾರಣವಾಗಿತ್ತು. ಬಾಂದಿನಿಂದ ಬಸ್‌ನಿಲ್ದಾಣದವರೆಗೆ ಎಲ್ಲೆಲ್ಲೂ ಹಬ್ಬಿ, ಮೈ ತುರಿಕೆ, ಉಬ್ಬಸ ತರುವ ಪಾರ್ಥೇನಿಯಂ ಅಂದರೆ ಕಾಂಗ್ರೆಸ್ ಕಳೆ ಎಲ್ಲರಿಗೂ ಗೊತ್ತು. ಅದರ ತವರಾದ ಮೆಕ್ಸಿಕೊದಿಂದ ಜೈಗೋಗ್ರಾಮ ಬೈಕೊಲೊರಾಟ ಎಂಬ ಎಲೆಜೀರುಂಡೆಯನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ತರಿಸಿತು. ಪರೀಕ್ಷೆಗಳ ನಂತರ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ನೆಲೆಯೂರಿ ಮಳೆಗಾಲದಲ್ಲಿ ಕಳೆಯನ್ನು ಬೋಳುಮಾಡತೊಡಗಿತು.

ಆದರೆ 1990ರ ದಶಕದ ಆರಂಭದಲ್ಲಿ ಅದೇ ಹುಳ ಸೂರ್ಯಕಾಂತಿ ಎಲೆಗಳ ಮೇಲೂ ಕಾಣಿಸಿಕೊಂಡಿತು! ಸೂರ್ಯಕಾಂತಿ ಬೆಳೆಯುತ್ತಿದ್ದ ಎಣ್ಣೆಕಾಳಿನ ನಾಡಿಗೆ ಇದು ಸಣ್ಣ ಸುದ್ದಿಯಲ್ಲ. ಕಳವಳಕ್ಕೆ ಆಧಾರವೂ ಇತ್ತು. ಪಾರ್ಥೇನಿಯಂ ಮತ್ತು ಸೂರ್ಯಕಾಂತಿ ಒಂದೇ ಕುಟುಂಬದ ಸಸ್ಯಗಳು. ಅಷ್ಟೇ ಅಲ್ಲ, ಉತ್ತರ ಅಮೆರಿಕದಲ್ಲಿ ಸೂರ್ಯಕಾಂತಿಯನ್ನೇ ತಿನ್ನುವ ಜೀರುಂಡೆಯೊಂದನ್ನು ಇದೇ ಜೈಗೋಗ್ರಾಮ ಕುಲಕ್ಕೆ ಸೇರಿಸಿದ್ದರು. ಗಿಡದ ಕಡೆಯಿಂದಲೂ ನೆಂಟಸ್ತಿಕೆ, ಹುಳದ ಕಡೆಯಿಂದಲೂ ನೆಂಟಸ್ತಿಕೆ!

ತಜ್ಞರ ಸಮಿತಿ ವಿಷಯವನ್ನು ಪರಿಶೀಲಿಸಿತು. ಸಂಶೋಧನೆಯಿಂದ 1993ರಲ್ಲಿ ಹೊರಬಂದ ಸಂಗತಿ ಕುತೂಹಲಕರ. ಪಾರ್ಥೇನಿಯಂ ಹೂವಿನ ಪರಾಗ ಗಾಳಿಯಲ್ಲಿ ಹಾರಿ ಸೂರ್ಯಕಾಂತಿ ಎಲೆಗಳ ಮೇಲೆ ಕುಳಿತಿದ್ದರೆ, ಅದರ ವಾಸನೆ-ರುಚಿಗೆ ಮರುಳಾದ ಪ್ರೌಢ ಹುಳ ಎಲೆಯನ್ನೂ ಕಚ್ಚುತ್ತದೆ. ಅಂದರೆ ಹುಳ ಊಟ ಬದಲಿಸಿರಲಿಲ್ಲ, ಮೋಸ ಹೋಗಿತ್ತು. ಸೂರ್ಯಕಾಂತಿಗೆ ಅದು ಪೀಡೆಯಾಗಿ ನಿಲ್ಲಲಿಲ್ಲ. ಇಂದು ದೇಶದ ಹಲವು ಭಾಗಗಳಲ್ಲಿ ಹಬ್ಬಿರುವ ಈ ಹುಳ ಮಳೆ ಬಿದ್ದಾಗ ಮಣ್ಣಿನಿಂದೆದ್ದು ಕಳೆ ಮೇಯುತ್ತದೆ, ಒಣಹವೆಯಲ್ಲಿ ಮತ್ತೆ ಮಣ್ಣು ಸೇರುತ್ತದೆ.

ಹೊರದೇಶದ ಹುಳವನ್ನು ಬಿಡುವ ಮೊದಲು ಏನನ್ನು ಪರೀಕ್ಷಿಸಬೇಕು ಎಂಬುದಕ್ಕೆ ವಾಪ್‌ಶೇರ್ ಎಂಬ ವಿಜ್ಞಾನಿ 1974ರಲ್ಲಿ ಒಂದು ಕ್ರಮ ಸೂಚಿಸಿದ್ದರು. ಕಳೆಯ ತೀರ ಹತ್ತಿರದ ನೆಂಟ ಗಿಡಗಳಿಂದ ಆರಂಭಿಸಿ ದೂರದ ನೆಂಟರ ಕಡೆಗೆ ಸುತ್ತು ಸುತ್ತಾಗಿ ಪರೀಕ್ಷಿಸುತ್ತ ಹೋಗಬೇಕು ಎಂಬುದು ಅದು. ವಂಶವೃಕ್ಷ ಗೊತ್ತಿಲ್ಲದೆ ಈ ಸುತ್ತುಗಳನ್ನು ಎಳೆಯುವುದಾದರೂ ಹೇಗೆ? ಪುಸ್ತಕದ ಚಿತ್ರದಂತೆ ಕಾಣುವ ವಂಶವೃಕ್ಷ ರೈತನ ಹೊಲದ ಕಾವಲಿಗೂ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೆಂಟಸ್ತಿಕೆ ಎಲ್ಲವನ್ನೂ ಹೇಳಿಬಿಡುತ್ತದೆ ಎಂದೂ ಅಲ್ಲ. ಬದನೆ ಗಿಡದಲ್ಲಿ ಎರಡು ಗುಲಗಂಜಿ ಹುಳಗಳನ್ನು ಕಾಣಬಹುದು. ಹೊಳಪಿನ ಬೆನ್ನಿನದು ಹೇನು ತಿಂದು ಬೆಳೆ ಕಾಯುತ್ತದೆ. ಸಣ್ಣ ಕೂದಲಿನಿಂದ ಮಂಕಾಗಿ ಕಾಣುವ, ಇಪ್ಪತ್ತೆಂಟು ಚುಕ್ಕೆಯದು ಎಲೆಯನ್ನೇ ಕೆರೆದು ಜಾಳಿಗೆ ಮಾಡುತ್ತದೆ. ಎರಡೂ ಒಂದೇ ಕುಟುಂಬದ ಕುಡಿಗಳು, ಒಂದು ಮಿತ್ರ, ಇನ್ನೊಂದು ಶತ್ರು. ಮನೆತನ ನೋಡಿದ ಮೇಲೂ ಗುಣ ನೋಡಬೇಕು. ಎರಡನ್ನೂ ನೋಡದೆ ಔಷಧ ಹೊಡೆದರೆ ಮೊದಲು ಸಾಯುವುದು ಕಾವಲುಗಾರನೇ.

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಇದ್ದ ನಾಲ್ಕು ತಾಲ್ಲೂಕುಗಳಲ್ಲಿ ಎರೆಹೊಲ, ಮಸಾರಿ, ನೀರಾವರಿ ಗದ್ದೆ, ಕಲ್ಲುಗುಡ್ಡ ಎಲ್ಲವೂ ಇವೆ. ಹುಳ ನೋಡಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ಬಿಳಿ ತಟ್ಟೆ, ಒಂದು ನೋಟ್‌ಬುಕ್ ಸಾಕು. ಮೂತಿ ಇದೆಯೇ, ಕುಡಿಮೀಸೆ ದಾರದಂತಿದೆಯೇ ಗದೆಯಂತಿದೆಯೇ, ತೊಡೆ ದಪ್ಪವೇ, ಯಾವ ಕಾಳಿನಲ್ಲಿ ಸಿಕ್ಕಿತು, ಯಾವ ತಿಂಗಳು — ಇಷ್ಟು ಬರೆದಿಟ್ಟರೆ ವರ್ಷ ತುಂಬುವುದರೊಳಗೆ ಮನೆಯ ಹುಳಗಳದೇ ಒಂದು ವಂಶಾವಳಿ ಸಿದ್ಧವಾಗುತ್ತದೆ. ಮುಂದಿನ ಸಲ ಮಾಳಿಗೆಯ ಮೇಲೆ ಮಗು ಅದೇ ಪ್ರಶ್ನೆ ಕೇಳಿದರೆ ತಾಯಿ ಹೇಳಬಹುದು: "ಒಂದಲ್ಲ ಕೂಸ, ದಾಯಾದಿಗಳು. ಇದರ ಖಾಸಾ ನೆಂಟ ಅಗೋ ಆ ಹುಣಸಿ ಮರದಾಗ ಅದಾನ."